ನಮ್ಮ ಪಡಸಾಲೆಯಲ್ಲಿ ಬಣ್ಣ ಹಚ್ಚಿಕೊಂಡವರು

ಒಂದು ಕಡೆ ಕೂತು ಹಾಡು ಕೇಳುವುದು ನನಗೆ ಈ ವಯಸ್ಸಿನಲ್ಲೂ ಬಂದಿಲ್ಲ. ಬೇಸಿಗೆಯ ಸಂಜೆ ಧಾರವಾಡದಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಯಾವುದಾದರೂ ಬಯಲಿನಲ್ಲಿ ಪುಕ್ಕಟೆ ಕಾರ್ಯಕ್ರಮ ಇದೆಯೆಂದರೆ ಹೋಗದೆ ಇರಲಾರೆ. ಹೋದರೆ ಕುರ್ಚಿಯ ಮೇಲೆ ಹತ್ತು ನಿಮಿಷ ಕೂರಲಾರೆ. ವೇದಿಕೆಯ ಮುಂದಿಗಿಂತ ಹಿಂದಕ್ಕೇ ಕಾಲು ಎಳೆಯುತ್ತದೆ. ಪರದೆಯ ಆಚೆ ಯಾರೋ ಗೆಜ್ಜೆ ಕಟ್ಟಿಕೊಳ್ಳುತ್ತಿರುತ್ತಾರೆ, ಯಾರೋ ಕೈಗನ್ನಡಿ ಹಿಡಿದು ಹುಬ್ಬು ತಿದ್ದಿಕೊಳ್ಳುತ್ತಿರುತ್ತಾರೆ, ಯಾರೋ ನೀರು ಎಲ್ಲಿದೆ ಎಂದು ಕೇಳುತ್ತಿರುತ್ತಾರೆ. ನಾನು ಅಲ್ಲಿ ಸುತ್ತು ಹಾಕಿ, ಮುಂದೆ ಬಂದು, ಮತ್ತೆ ಹಿಂದೆ ಹೋಗುತ್ತೇನೆ. "ಅವ್ವಾ, ನಿಂದೇನರ ಕಳದೈತೇನು ಅಲ್ಲೆ?" ಎಂದು ನನ್ನ ಮಗಳು ಸಿಡುಕುತ್ತಾಳೆ. ಕಳೆದದ್ದೇನೂ ಇಲ್ಲ. ನಾನು ಬೆಳೆದ ಮನೆಯೇ ವೇದಿಕೆಯ ಹಿಂದುಗಡೆ ಇತ್ತು.

ಲಕಮನಹಳ್ಳಿಯ ಕಡೆ ಹೋಗುವ ರಸ್ತೆಗೆ ಹತ್ತಿಕೊಂಡು ಒಂದು ದೊಡ್ಡ ಬಯಲು, ಬಯಲಿನ ಅಂಚಿಗೆ ಮಂಗಳೂರು ಹೆಂಚಿನ ನಮ್ಮ ಬಾಡಿಗೆ ಮನೆ. ಪಡಸಾಲೆ, ನಡುಮನೆ, ಅಡಿಗೆಮನೆ, ಬಚ್ಚಲು, ಹಿತ್ತಲು, ಎಲ್ಲವೂ ಒಂದರ ಹಿಂದೆ ಒಂದು. ಮುಂಬಾಗಿಲಲ್ಲಿ ನಿಂತು ನೋಡಿದರೆ ಹಿತ್ತಲಿನ ನುಗ್ಗೆ ಗಿಡ ಕಾಣುತ್ತಿತ್ತು. ಅಪ್ಪ ಸರಕಾರಿ ಕಚೇರಿಯಲ್ಲಿ ಗುಮಾಸ್ತ, ಅವ್ವ ಪ್ರಾಥಮಿಕ ಸಾಲಿಯಲ್ಲಿ ಟೀಚರು. ಅಪ್ಪನ ಅವ್ವ, ಅಂದರೆ ನಮ್ಮ ಅಜ್ಜಿ, ನಡುಮನೆಯ ಕಿಟಕಿಯ ಕೆಳಗೆ ಹಾಸಿಗೆ ಹಾಕಿಕೊಂಡಿದ್ದಳು. ಮಕ್ಕಳೆಂದರೆ ನಾನೊಬ್ಬಳೇ, ಗೌತಮಿ. ಮೇ ತಿಂಗಳ ಶನಿವಾರ, ರವಿವಾರಗಳಲ್ಲಿ ಆ ಬಯಲಿನಲ್ಲಿ ಹಲಗೆ ಜೋಡಿಸಿ ವೇದಿಕೆ ಕಟ್ಟುತ್ತಿದ್ದರು. ಟಿಕೀಟಿಲ್ಲ, ಗೇಟಿಲ್ಲ; ಮಂದಿ ಚಾಪೆ, ಜಮಖಾನೆ ತಂದು ಹಾಸಿಕೊಂಡು ಕೂರುತ್ತಿದ್ದರು. ಇದನ್ನೆಲ್ಲ ಹಚ್ಚಿಕೊಂಡಿದ್ದವರು ನಿವೃತ್ತ ಡ್ರಾಯಿಂಗ್ ಮಾಸ್ತರರಾದ ಕುಲಕರ್ಣಿಯವರು. ಬಂದ ಕಲಾವಿದರು ಬಟ್ಟೆ ಬದಲಿಸಲು ಬಯಲಿನಲ್ಲಿ ಒಂದು ಗೋಡೆಯೂ ಇರಲಿಲ್ಲ. ಮೊದಲ ವರ್ಷ ಅವರು ನಮ್ಮ ಬಾಗಿಲು ತಟ್ಟಿ ಒಂದು ಖೋಲಿ ಸಿಗಬಹುದೇ ಎಂದು ಕೇಳಿದ್ದರಂತೆ. ಅಪ್ಪ ಇಡೀ ಮನೆಯನ್ನೇ ಬಿಟ್ಟುಕೊಟ್ಟ.

ಹೀಗಾಗಿ ಬೇಸಿಗೆಯ ಸೂಟಿ ಎಂದರೆ ನನಗೆ ಮಾಮನ ಊರೂ ಅಲ್ಲ, ಮಾವಿನಹಣ್ಣೂ ಅಲ್ಲ. ಬೆವರು, ಪೌಡರು, ಹೂವು, ಎಣ್ಣೆ ಬತ್ತಿಯ ಕಾಡಿಗೆ ಎಲ್ಲ ಕಲೆತ ಒಂದು ವಾಸನೆ. ಹುಬ್ಬಳ್ಳಿಯಿಂದ ಭರತನಾಟ್ಯದ ಹುಡುಗಿಯರು ಬಂದರೆ ಒಂದು ಬಾಚಣಿಕೆ ಕಡಿಮೆ ಬಿದ್ದು ನಡುಮನೆಯಲ್ಲಿ ಜಗಳ. ಹಳಿಯಾಳದ ಕಾಡಿನ ಕಡೆಯಿಂದ ಸಿದ್ದಿ ಹೆಂಗಸರು ಬಂದರೆ ಅಡಿಗೆಮನೆಯವರೆಗೂ ನಗೆ; ಅವರು ತಮ್ಮ ದೊಡ್ಡ ಡೋಲನ್ನು ಪಡಸಾಲೆಯ ನಟ್ಟನಡುವೆ ಇಟ್ಟು ಅದರ ಸುತ್ತ ಕೂತು ಚಹಾ ಕುಡಿಯುತ್ತಿದ್ದರು. ಮುಂಡಗೋಡದ ಕ್ಯಾಂಪಿನಿಂದ ಟಿಬೆಟಿನ ಕುಣಿತದವರು ಬಂದಾಗ ಅವರ ದಪ್ಪ ನಿಲುವಂಗಿ ನೋಡಿ ಅಜ್ಜಿಗೇ ಸೆಕೆಯಾಗಿ, ಇಬ್ಬರಿಗೆ ಬೀಸಣಿಗೆ ಹಿಡಿದು ಗಾಳಿ ಬೀಸುತ್ತ ಕೂತುಬಿಟ್ಟಿದ್ದಳು. ಒಬ್ಬರು ಹಾಡುಗಾರರು ತಂಬೂರಿ ಶ್ರುತಿ ಮಾಡಿಕೊಳ್ಳುವಾಗ ಮನೆಯಲ್ಲಿ ಸೂಜಿ ಬಿದ್ದರೂ ಕೇಳಬೇಕು ಎಂದರು. ಅಜ್ಜಿಗೆ ಆಗಲೇ ಕೆಮ್ಮು ಬರಬೇಕೆ! ನಾನು ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಬಯಲಿಗೆ ಓಡುತ್ತಲೇ ಇರುತ್ತಿದ್ದೆ. ಹೊರಗೆ ನಡೆಯುವುದೂ ತಪ್ಪಬಾರದು, ಒಳಗೆ ನಡೆಯುವುದೂ ತಪ್ಪಬಾರದು. ಎರಡೂ ಅರ್ಧರ್ಧ ತಪ್ಪುತ್ತಿದ್ದವು.

ಆ ದಿನಗಳಲ್ಲಿ ಅಪ್ಪ ಪಡಸಾಲೆಯ ಮೂಲೆಗೆ ದೊಡ್ಡ ಮಣ್ಣಿನ ಹರವಿ ಇಟ್ಟು, ತುಂಬ ನೀರು ಹಾಕಿಸಿ, ಪಕ್ಕದಲ್ಲಿ ತಾನೇ ಸ್ಟೂಲಿನ ಮೇಲೆ ಕೂರುತ್ತಿದ್ದ. ಗೋಡೆಯ ಮೇಲೆ ಬುದ್ಧನ ಪಟ, ಅದನ್ನು ನೋಡಿದ ಕೆಲವರು "ನಿಮ್ಮ ಮೂಲ ಊರು ಯಾವುದ್ರಿ?" ಎಂದು ಮೆತ್ತಗೆ ಕೇಳಿ, ಉತ್ತರ ಸಿಕ್ಕ ಮೇಲೆ ತಮ್ಮ ಚೀಲದಿಂದ ಬಾಟಲಿ ತೆಗೆದು ಕುಡಿಯುತ್ತಿದ್ದರು. ಅಪ್ಪ ಅದನ್ನೂ ನೋಡುತ್ತಿದ್ದ, ಹರವಿಯಿಂದ ಕುಡಿದವರನ್ನೂ ನೋಡುತ್ತಿದ್ದ. ರಾತ್ರಿ ಊಟಕ್ಕೆ ಕೂತಾಗ "ಇವತ್ತ ಹತ್ತೊಂಬತ್ತು ಮಂದಿ ನಮ್ಮ ನೀರು ಕುಡದ್ರು" ಎನ್ನುತ್ತಿದ್ದ. ಅವ್ವನಿಗೆ ಇದರಲ್ಲಿ ಅಂಥ ಹೆಮ್ಮೆ ಕಾಣುತ್ತಿರಲಿಲ್ಲ. ಸೂಟಿಯಲ್ಲಾದರೂ ಕಾಲು ಚಾಚೋಣ ಎಂದುಕೊಂಡವಳು ನಲವತ್ತು ಮಂದಿಗೆ ಚುರಮುರಿ ಸೂಸಲ ಕಲಸಿ ಕಲಸಿ ಭುಜ ಹಿಡಿದುಕೊಂಡು ಕೂರುತ್ತಿದ್ದಳು.

"ನಿಮಗೇನ್ರಿ, ಬಾಗಲಾ ತಗದು ಹರವಿ ಮುಂದ ಕೂತ್ರ ಆತು. ನೆಲಕ್ಕ ಬಿದ್ದ ಬಣ್ಣಾ ತಿಕ್ಕಾಕಿ ನಾನು."

"ಈ ಮನಿಗೆ ನಾಕು ಮಂದಿ ಬರ್ತಾರಂದ್ರ ಅದು ಸಣ್ಣ ಮಾತಲ್ಲ, ಶಾಂತಾ. ನಮ್ಮಪ್ಪನ ಮನಿ ಹೊಸ್ತಿಲಾ ಒಬ್ರೂ ದಾಟಿದ್ದಿಲ್ಲ."

"ದಾಟ್ಲಿ. ಬ್ಯಾಡ ಅಂದೇನೇನು? ಕಾಲು ಒರಸ್ಕೊಂಡು ದಾಟ್ಲಿ ಅಂತೇನಿ."

ಎಲ್ಲರಿಗೂ ತೆರೆದಿದ್ದ ಆ ಮನೆಯಲ್ಲಿ ಒಂದೇ ಒಂದು ಕಟ್ಟುನಿಟ್ಟು. ನಾನು ಯಾವುದರ ಮೇಲೂ ಕೈಯಿಂದ ಬಡಿಯಬಾರದು. ನನಗೋ ಬೆರಳು ಸುಮ್ಮನಿರುತ್ತಿರಲಿಲ್ಲ. ಗಂಗಾಳ ಮುಂದೆ ಬಂದರೆ ರೊಟ್ಟಿ ಬೀಳುವ ಮೊದಲು ಅದರ ಅಂಚಿನ ಮೇಲೆ ಬೆರಳು ಕುಣಿಯುತ್ತಿದ್ದವು. ಅಪ್ಪ ಬೈಯುತ್ತಿರಲಿಲ್ಲ, ತನ್ನ ಕೈಯನ್ನು ನನ್ನ ಕೈಯ ಮೇಲಿಟ್ಟು ಒತ್ತಿ ಹಿಡಿಯುತ್ತಿದ್ದ, ಬೆರಳು ನೋಯುವಷ್ಟು. ಯಾಕೆಂದು ಕೇಳಿದರೆ ರೊಟ್ಟಿ ಮುಂದೆ ಸರಿಸುತ್ತಿದ್ದ. ಅಜ್ಜಿಯನ್ನು ಕೇಳಿದರೆ ಅವಳು ಗೋಡೆಯ ಕಡೆ ಹೊರಳಿ ಮಲಗುತ್ತಿದ್ದಳು.

ಕಾರಣ ಗೊತ್ತಾದದ್ದು ನಾನು ಐದನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ. ಕುಲಕರ್ಣಿ ಮಾಸ್ತರರು ಆ ವರ್ಷದ ಕಾರ್ಯಕ್ರಮಗಳ ಪಟ್ಟಿ ಹಿಡಿದು ಬಂದರು. ಅಪ್ಪ ಚಹಾ ಕುಡಿಯುತ್ತ ಓದಿ, ಕೊನೆಯ ರವಿವಾರಕ್ಕೆ ಬಂದಾಗ ಕಪ್ಪು ಕೆಳಗಿಟ್ಟ. ಹಲಗಿ ಮಜಲು ಎಂದಿತ್ತು, ಮುಂದೆ ಅಪ್ಪನ ಊರಿನ ಹೆಸರು, ಮೇಳದ ಮುಖ್ಯಸ್ಥನ ಹೆಸರು ದುರ್ಗಪ್ಪ. ದುರ್ಗಪ್ಪ ಎಂದರೆ ನನ್ನ ದೊಡ್ಡಪ್ಪ, ಅಪ್ಪನ ಖಾಸ ಅಣ್ಣ. ಹಲಗಿ ಎಂದರೆ ಕಟ್ಟಿಗೆಯ ಬಳೆಗೆ ಚರ್ಮ ಬಿಗಿದ ಚಪ್ಪಟೆ ವಾದ್ಯ; ಹೆಗಲಿಗೆ ತೂಗಿಹಾಕಿಕೊಂಡು ಎರಡು ಕಡ್ಡಿಗಳಿಂದ ಬಾರಿಸುವುದು, ಮೇಳವಾಗಿ ಕುಣಿಯುತ್ತ ಬಾರಿಸಿದರೆ ಮಜಲು.

"ಇವ್ರಿಗೆ ಬ್ಯಾರೆ ಕಡೆ ವ್ಯವಸ್ಥಾ ಮಾಡ್ರಿ ಮಾಸ್ತರ್. ನಮ್ಮ ಮನ್ಯಾಗ ಆಗೂದಿಲ್ಲ" ಎಂದ ಅಪ್ಪ.

ಮಾಸ್ತರರಿಗೆ ದಿಗಿಲಾಯಿತು. "ಅಲ್ರೀ ಆನಂದ, ಟಿಬೆಟಿನವ್ರಿಗೆ ಕೊಟ್ರಿ, ಸಿದ್ದಿ ಮಂದೀದು ಡೋಲು ನಿಮ್ಮ ಪಡಸಾಲಿಯೊಳಗ ಇತ್ತು. ಇದೂ ಒಂದು ಕಲಾನ ಅದ ಅಲ್ರೀ?"

"ನಿಮಗ ಅದು ಕಲಾ. ನಮ್ಮಪ್ಪಗ ಅದು ಹುಕುಮ ಇತ್ತು. ಊರಾಗ ಯಾರರ ಸತ್ರ ಓಣಿ ತುದೀಲೆ ನಿಂತು ಒದರ್ತಿದ್ರು. ಉಣ್ಣೂ ಗಂಗಾಳ ಬಿಟ್ಟು ಏಳ್ಬೇಕು, ಹೆಣದ ಮುಂದ ಬಡಕೋತ ನಡೀಬೇಕು. ಜ್ವರಾ ಬಂದ್ರೂ ಬಿಡ್ತಿದ್ದಿಲ್ಲ. ಅದನ್ನ ಬಿಟ್ಟು ಬಂದು ನಾ ಮನಿಶ್ಯಾ ಆಗೇನ್ರಿ."

ಮಾಸ್ತರರು ಪಟ್ಟಿಯನ್ನು ನಾಲ್ಕು ಮಡಿಕೆ ಮಡಚಿ ಜೇಬಿಗಿಟ್ಟುಕೊಂಡು ಎದ್ದು ಹೋದರು. ಅವರು ಗೇಟು ದಾಟುವ ಮೊದಲೇ ಅಡಿಗೆಮನೆಯಲ್ಲಿ ಅವ್ವ ಬಡಿಯುತ್ತಿದ್ದ ರೊಟ್ಟಿಯ ಸಪ್ಪಳ ನಿಂತಿತ್ತು.

"ಅವ್ರು ನಿಮ್ಮಣ್ಣಾರು. ಸಾಲಿ ಬಿಟ್ಟು ಹಲಗಿ ಹಿಡದದ್ದು ಯಾರ ಸಲುವಾಗಿ ಅಂಬೂದು ನಿಮಗ ಗೊತ್ತಿಲ್ಲೇನು?" ಎಂದಳು. ಅಜ್ಜ ಸತ್ತಾಗ ಆ ಚಾಕರಿಗೆ ಮನೆಯಿಂದ ಒಬ್ಬರು ನಿಲ್ಲಲೇಬೇಕಿತ್ತಂತೆ. ದೊಡ್ಡಪ್ಪ ನಿಂತ, ಅಪ್ಪನನ್ನು ಧಾರವಾಡದ ಹಾಸ್ಟೆಲಿಗೆ ಕಳಿಸಿದ. ಅದನ್ನು ನಾನು ಮೊದಲ ಸಲ ಕೇಳಿದ್ದು ಆವತ್ತು, ಬಾಗಿಲ ಸಂದಿಯಲ್ಲಿ ಒಂದು ಕಾಲ ಮೇಲೆ ನಿಂತು.

"ಅಣ್ಣ ಬರ್ಲಿ. ಹಲಗಿ ಬರೂದು ಬ್ಯಾಡ."

"ಅವರನ್ನೂ ಅದನ್ನೂ ಹ್ಯಾಂಗ ಬ್ಯಾರೆ ಮಾಡ್ತೀರಿ ನೀವು?"

ಆ ವಾರವಿಡೀ ಮನೆಯಲ್ಲಿ ಯಾರೂ ಒಂದು ಕಡೆ ನಿಲ್ಲಲಿಲ್ಲ. ಬೆಳಿಗ್ಗೆ ಬುದ್ಧನ ಪಟದ ಮುಂದೆ ಮೂವರೂ ಕೂತು ಹೇಳುತ್ತಿದ್ದ ವಂದನೆಯನ್ನು ಅಪ್ಪ ಎಷ್ಟು ಲಗೂ ಮುಗಿಸುತ್ತಿದ್ದನೆಂದರೆ ನಾನೂ ಅವ್ವನೂ ಅರ್ಧದಲ್ಲೇ ಉಳಿಯುತ್ತಿದ್ದೆವು. ಅವ್ವ ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದಳು. ಅಜ್ಜಿ ಹಾಸಿಗೆಯಿಂದ ಎದ್ದು ಕಿಟಕಿಯವರೆಗೆ, ಕಿಟಕಿಯಿಂದ ಬಾಗಿಲವರೆಗೆ ನಡೆದು, ಯಾಕೆ ಬಂದೆನೆಂದು ಮರೆತವಳಂತೆ ಹಿಂದಿರುಗುತ್ತಿದ್ದಳು. ನಾನು ದಿನಕ್ಕೆ ಹತ್ತು ಸಲ ಗೇಟಿಗೆ ಹೋಗಿ ರಸ್ತೆ ನೋಡುತ್ತಿದ್ದೆ. ಬರುವುದು ರವಿವಾರ ಎಂದು ಗೊತ್ತಿದ್ದರೂ ಹೋಗುತ್ತಿದ್ದೆ.

ರವಿವಾರ ಮುಂಜಾನೆ ಅಪ್ಪ ಹುಬ್ಬಳ್ಳಿಯಲ್ಲಿ ಕೆಲಸವಿದೆ ಎಂದು ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟ. ಕಚೇರಿಗೆ ಸೂಟಿ, ಯಾವ ಕೆಲಸ ಎಂದು ಯಾರೂ ಕೇಳಲಿಲ್ಲ. "ಬಾಗಲಾ ಹಾಕ್ಕೊಳ್ರಿ" ಎಂದಷ್ಟೇ ಹೇಳಿ ಹೋದ. ಅವ್ವ ಬಾಗಿಲು ಮುಂದೆ ಮಾಡಿದಳು, ಚಿಲಕ ಹಾಕಲಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಆರು ಜನ ಬಸ್ಸಿನಿಂದ ಇಳಿದು ಬಯಲು ದಾಟಿ ಬಂದರು. ಬಿಳಿ ಧೋತರ, ಹಳದಿ ರುಮಾಲು, ಬಗಲಲ್ಲಿ ಬಟ್ಟೆ ಸುತ್ತಿದ ಹಲಗಿ. ನಮ್ಮ ಮನೆ ಎದುರಿಗೇ ಇದ್ದರೂ ಅತ್ತ ನೋಡದೆ ವೇದಿಕೆಯ ಆಚೆಗಿದ್ದ ಬೇವಿನ ಗಿಡದ ಕೆಳಗೆ ಕೂತರು. ಅಜ್ಜಿ ಕಿಟಕಿಯಿಂದ ನೋಡಿದವಳೇ ಕೋಲು ತೆಗೆದುಕೊಂಡು ಹೊರಟುಬಿಟ್ಟಳು. ಆರು ತಿಂಗಳಿಂದ ಅವಳು ಗೇಟು ದಾಟಿರಲಿಲ್ಲ. ನಾನು ಹಿಂದೆ ಓಡಿದೆ. ದೊಡ್ಡಪ್ಪ ಎದ್ದು ಬಂದು ಅವಳ ಕಾಲು ಮುಟ್ಟಿದ. ಅಪ್ಪನದೇ ಮೂಗು, ಅಪ್ಪನದೇ ಕಿವಿ, ಆದರೆ ಹತ್ತು ವರ್ಷ ಹೆಚ್ಚು ಬಿಸಿಲು ಕಂಡ ಮುಖ.

"ದ್ಯಾಮಾ ಇಲ್ಲೇನವ್ವ?" ಎಂದು ಕೇಳಿದ. ಆನಂದ ಎಂದು ಹೆಸರು ಬದಲಿಸಿಕೊಂಡಿದ್ದ ಅಪ್ಪ ಅವರಿಬ್ಬರಿಗೆ ಇನ್ನೂ ದ್ಯಾಮನೇ.

"ಹುಬ್ಬಳ್ಳಿಗೆ ಹೋಗ್ಯಾನ."

"ಹೋಗ್ಲಿ ಬಿಡು. ನಂಗೇನ್ ಸಿಟ್ಟಿಲ್ಲ." ಆಮೇಲೆ ನನ್ನ ಗಲ್ಲ ಹಿಡಿದು, "ಇಕಿ ಅವನ ಮಗಳೇನು? ನಿಂತಲ್ಲೆ ನಿಲ್ಲವಲ್ಲಳಲ್ಲ!" ಎಂದು ನಕ್ಕ.

ಆಗ ಬಂತು ಅಡ್ಡಮಳೆ. ಮೊದಲು ಕೆಂಪು ಧೂಳಿನ ಗಾಳಿ, ಹಿಂದೆಯೇ ಗುಡುಗು, ಆಮೇಲೆ ಕವಡೆಯಂಥ ಹನಿ. ಪೆಂಡಾಲಿನ ಬಟ್ಟೆ ಹಾರಿ ವೇದಿಕೆಯ ಮೇಲೆ ಬಿತ್ತು. ಬೇಗ ಬಂದು ಚಾಪೆ ಹಾಸಿದ್ದವರು ಚಾಪೆಗಳನ್ನೇ ತಲೆಯ ಮೇಲೆ ಹೊತ್ತು ಓಡಿದರು. ನಾನು ಅಜ್ಜಿಯನ್ನು ಮನೆಯೊಳಗೆ ಮುಟ್ಟಿಸಿ ಬಂದೆ. ಮುಕ್ಕಾಲು ತಾಸು ಸುರಿದು ಮಳೆ ನಿಂತಾಗ ಬೇವಿನ ಕೆಳಗಿನ ಆರೂ ಜನ ತೊಪ್ಪೆಯಾಗಿದ್ದರು. ದೊಡ್ಡಪ್ಪ ಬಟ್ಟೆ ಬಿಚ್ಚಿ ಹಲಗಿಯ ಮೇಲೆ ಬೆರಳಿಂದ ಹೊಡೆದ. ತೊಯ್ದ ಗೋಡೆಗೆ ಹೊಡೆದಂತೆ ಬೊದ್ ಎಂದಿತು. ಚರ್ಮ ಸಡಿಲಾಗಿತ್ತು. ಅದು ಬಿಗಿಯಾಗಬೇಕಾದರೆ ಬೆಂಕಿಗೆ ಕಾಯಿಸಬೇಕು. ಬಯಲಿನಲ್ಲಿ ಒಣಗಿದ ಒಂದು ಕಡ್ಡಿ ಇಲ್ಲ. ಮಾಸ್ತರರು ಪಂಚೆ ಮೇಲೆತ್ತಿಕೊಂಡು ಕೆಸರಿನಲ್ಲಿ ಆ ಕಡೆ ಈ ಕಡೆ ಓಡಾಡಿ, ಕೊನೆಗೆ "ದುರ್ಗಪ್ಪ, ಇವತ್ತು ರದ್ದು ಮಾಡೋಣೇನು?" ಎಂದರು.

ದೊಡ್ಡಪ್ಪ ತೊಯ್ದ ಹಲಗಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದ. ಅಷ್ಟರಲ್ಲಿ ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು, ಬರಿಗಾಲಲ್ಲಿ ಕೆಸರು ತುಳಿಯುತ್ತ ಬಂದಳು.

"ಭಾವಾರ, ಒಳಗ ಬರ್ರಿ. ಬಚ್ಚಲದಾಗ ಒಲಿ ಐತಿ."

"ಬ್ಯಾಡವ್ವ. ಅಂವಗ ಸೇರೂದಿಲ್ಲ."

"ಆ ಮನಿ ನಂದೂ ಐತ್ರಿ" ಎಂದಳು ಅವ್ವ. ಅವಳು ದನಿ ಏರಿಸಿದ್ದನ್ನು ನಾನು ಕೇಳಿದ್ದೆ; ಹೀಗೆ ಇಳಿಸಿದ್ದನ್ನು ಕೇಳಿರಲಿಲ್ಲ. ಮಾಸ್ತರರೂ ಕೇಳಿಸಿಕೊಂಡು ಬೇರೆ ಕಡೆ ನೋಡಿದರು.

ಬಚ್ಚಲ ಒಲೆಯ ಕಟ್ಟಿಗೆಯೂ ಅಷ್ಟಿಷ್ಟು ತೊಯ್ದಿತ್ತು. ಅವ್ವ ಟ್ರಂಕಿನಿಂದ ಮೂರನೇ ಇಯತ್ತೆಯ ಹಳೆಯ ಉತ್ತರ ಪತ್ರಿಕೆಗಳ ಕಟ್ಟು ತಂದು ಒಲೆಗೆ ತುರುಕಿದಳು. ಮಗ್ಗಿ, ಗುಣಾಕಾರ, ಆಕಳ ಮೇಲಿನ ನಿಬಂಧಗಳೆಲ್ಲ ಭಗ್ಗೆಂದು ಹತ್ತಿಕೊಂಡವು. ಹಂಡೆಯನ್ನು ಇಳಿಸಿ ಒಲೆಯ ಸುತ್ತ ಆರು ಜನ ಕುಕ್ಕರಗಾಲಲ್ಲಿ ಕೂತರು. ಮನೆ ತುಂಬ ಹೊಗೆ, ತೊಯ್ದ ಚರ್ಮದ ಕಮಟು ವಾಸನೆ. ನಾನು ಬಚ್ಚಲಿಗೂ ಮುಂಬಾಗಿಲಿಗೂ ನಡುವೆ ಓಡಾಡುತ್ತಿದ್ದೆ. ಅಪ್ಪ ಬಂದರೆ ಏನು ಎಂಬ ಹೆದರಿಕೆಯೂ ಇತ್ತು, ಬರಲಿ ಎಂಬ ಆಸೆಯೂ ಇತ್ತು. ಅಜ್ಜಿ ಒಂದು ಹಲಗಿಯನ್ನು ತಾನೇ ಎತ್ತಿಕೊಂಡು ಉರಿಗೆ ಹಿಡಿದಳು. ಅಜ್ಜನ ಹಲಗಿಯನ್ನು ಕಾಯಿಸಿ ಕೊಡುತ್ತಿದ್ದವಳು ಅವಳೇ ಅಂತೆ. ಈಗ ಉರಿಗೆ ತೀರ ಹತ್ತಿರ ಹಿಡಿದಿದ್ದಳು.

ಹುಬ್ಬಳ್ಳಿಯಲ್ಲೂ ಮಳೆಯಾಗಿತ್ತೇನೋ, ಅಪ್ಪ ಹೇಳಿದ ಹೊತ್ತಿಗಿಂತ ಮೊದಲೇ ಬಂದ. ಇಸ್ತ್ರಿ ಅಂಗಿ ಮೈಗಂಟಿತ್ತು. ಹೊಗೆ ನೋಡಿ ಬೆಂಕಿ ಬಿದ್ದಿದೆ ಎಂದುಕೊಂಡನೋ ಏನೋ, ಚಪ್ಪಲಿ ಬಿಡದೆ ಪಡಸಾಲೆ, ನಡುಮನೆ, ಅಡಿಗೆಮನೆ ದಾಟಿ ಬಚ್ಚಲ ಬಾಗಿಲಿಗೆ ಬಂದು ನಿಂತ. ದೊಡ್ಡಪ್ಪ ಎದ್ದು ನಿಂತ. ಅವ್ವ ಎದ್ದು ಅಪ್ಪನಿಗೂ ಒಲೆಗೂ ನಡುವೆ ನಿಂತಳು. ಅಪ್ಪ ಇಬ್ಬರನ್ನೂ ನೋಡಲಿಲ್ಲ. ಅವನ ಕಣ್ಣು ಅಜ್ಜಿಯ ಕೈಯಲ್ಲಿದ್ದ ಹಲಗಿಯ ಮೇಲಿತ್ತು.

"ಅವ್ವಾ, ಹಿಂದಕ್ಕ ತಗೋ. ಸುಡತೈತಿ ಅದು."

ಅಜ್ಜಿಗೆ ಕೇಳಲಿಲ್ಲ. ಅಪ್ಪ ಅವ್ವನ ಪಕ್ಕದಿಂದ ಹಾದು, ಒದ್ದೆ ಅಂಗಿಯಲ್ಲೇ ಒಲೆಯ ಮುಂದೆ ಮೊಣಕಾಲೂರಿ, ಹಲಗಿಯನ್ನು ಅಜ್ಜಿಯ ಕೈಯಿಂದ ತೆಗೆದುಕೊಂಡ. ಉರಿಯಿಂದ ಒಂದು ಗೇಣು ದೂರ ಹಿಡಿದು, ರೊಟ್ಟಿ ತಿರುವಿದಂತೆ ಮೆಲ್ಲಗೆ ತಿರುವಿದ. ಅಂಗೈಯಿಂದ ಚರ್ಮದ ಮೇಲೆ ಸವರಿದ. ಮತ್ತೆ ತಿರುವಿದ. ಕಿವಿಯ ಹತ್ತಿರ ಹಿಡಿದು ನಡುಬೆರಳಿನಿಂದ ಒಂದೇ ಪೆಟ್ಟು ಕೊಟ್ಟ. ಠಣ್ಣೆಂದಿತು. ಇಡೀ ಬಚ್ಚಲು ಠಣ್ಣೆಂದಿತು. ಅದನ್ನು ಬದಿಗಿಟ್ಟು ಇನ್ನೊಂದಕ್ಕೆ ಕೈ ಚಾಚಿದ.

"ನಿನ್ನ ಕೈ ಮರತಿಲ್ಲ ನೋಡು" ಎಂದ ದೊಡ್ಡಪ್ಪ.

"ಮರೀಬೇಕಂತ ಇಪ್ಪತ್ತು ವರ್ಷಾತು ಹೆಣಗಾಕತ್ತೇನಿ."

"ನೀ ಮರೀಲಿ ಅಂತನ ನಾ ಬಾರಿಸ್ಕೋತ ಉಳದೆ."

ಅಪ್ಪ ತಲೆ ಎತ್ತಲಿಲ್ಲ. ಹೊಗೆಗೋ ಯಾತಕ್ಕೋ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅಜ್ಜಿ ತನ್ನ ಸೆರಗಿನಿಂದ ಒರೆಸಿದಳು. ಆರನೆಯ ಹಲಗಿ ಕಾಯುವವರೆಗೂ ಅವನು ಅಲ್ಲಿಂದ ಏಳಲಿಲ್ಲ.

ಮಂದಿ ಮತ್ತೆ ಬಂದರು. ಕೆಸರಿನಲ್ಲಿ ಕೂರಲಾಗದೆ ಎಲ್ಲರೂ ನಿಂತೇ ಇದ್ದರು. ದೊಡ್ಡಪ್ಪ ಮೈಕಿನ ಹತ್ತಿರ ಹೋಗಿ, "ಇವತ್ತ ಯಾರೂ ಸತ್ತಿಲ್ರಿ. ಯಾರೂ ಒದರಿ ಕರದಿಲ್ಲ. ನಾವ ಬಂದೇವಿ" ಎಂದ. ಕೆಲವರು ನಕ್ಕರು. ಆಮೇಲೆ ಆರು ಹಲಗಿ ಒಟ್ಟಿಗೆ ಎದ್ದವು. ಆರು ಜನ ಬಾಗಿ, ಹಿಂದೆ ಸರಿದು, ಒಬ್ಬರ ಬೆನ್ನಿಗೊಬ್ಬರು ಬೆನ್ನು ಕೊಟ್ಟು, ನೆಲಕ್ಕೆ ಕೂತು, ಚಿಮ್ಮಿ ಎದ್ದು ಬಾರಿಸಿದರು. ಆ ಸಪ್ಪಳ ಕಿವಿಗೆ ಬರುವುದಕ್ಕಿಂತ ಮೊದಲು ಅಂಗಾಲಿಗೆ ಬಂತು. ಎಷ್ಟೋ ಕುಣಿತಗಳನ್ನು ಬಾಗಿಲ ಮರೆಯಿಂದ ನೋಡಿದ್ದ ನಾನು ಅವತ್ತು ಕೆಸರಿನಲ್ಲಿ ಕುಣಿದೆ, ಯಾರೂ ಕಲಿಸದ ಹೆಜ್ಜೆಯಲ್ಲಿ. ನಡುವೆ ಒಮ್ಮೆ ಹೊರಳಿ ನೋಡಿದೆ. ಅಪ್ಪ ನಮ್ಮ ಕಂಪೌಂಡಿನ ಗೋಡೆಯ ಒಳಗೇ ನಿಂತಿದ್ದ, ಕೈ ಕಟ್ಟಿಕೊಂಡು. ಬಯಲಿಗೆ ಬರಲಿಲ್ಲ, ಒಳಗೂ ಹೋಗಲಿಲ್ಲ.

ಇದರಿಂದ ಅಪ್ಪ ಬದಲಾದ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ದಿನ ಎಲ್ಲರಿಗೂ ತಾನೇ ರೊಟ್ಟಿ ಬಡಿಸಿದ, ಮರುದಿನ ಮುಂಜಾನೆ ಚಹಾ ಕುಡಿಯುವಾಗ ದೊಡ್ಡಪ್ಪನ ಜೊತೆ ಮತ್ತೆ ಜಗಳ ತೆಗೆದ. ಬಿಟ್ಟುಬಿಡು ಎಂದು ಇವನು, ಬಿಟ್ಟರೆ ಅದು ಊರಿನವರ ಹುಕುಮಾಗಿಯೇ ಉಳಿಯುತ್ತದೆ, ನಮ್ಮದಾಗುವುದಿಲ್ಲ ಎಂದು ಅವನು. ಇಬ್ಬರೂ ಸಾಯುವವರೆಗೆ ಆ ಜಗಳ ಹರಿಯಲಿಲ್ಲ. ನಾನು ಇಬ್ಬರ ಮಾತನ್ನೂ ಖರೇ ಎಂದು ನಂಬಿಕೊಂಡೇ ಬೆಳೆದೆ. ನನ್ನ ಕಾಲು ಒಂದು ಕಡೆ ನಿಲ್ಲದಿರುವುದಕ್ಕೆ ಅದೂ ಒಂದು ಕಾರಣವಿರಬೇಕು. ಆದರೆ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಏರುವ ಮುಂಚೆ ಅಪ್ಪ ದೊಡ್ಡಪ್ಪನ ತೋಳು ಹಿಡಿದು, "ರತ್ನಾನ್ನ ಇಲ್ಲೆ ಕಳಸು. ನಮ್ಮ ಗೌತಮಿ ಜೋಡಿ ಸಾಲಿಗೆ ಹೋಗ್ತಾಳ" ಎಂದ. ರತ್ನಾ ದೊಡ್ಡಪ್ಪನ ಮಗಳು, ನನಗಿಂತ ಒಂದು ವರ್ಷ ದೊಡ್ಡವಳು.

ಜೂನಿನಲ್ಲಿ ಅವಳು ಒಂದು ಚೀಲ ಹಿಡಿದು ಬಂದಳು. ಹೆಸರು ಹಚ್ಚಲು ಅಪ್ಪ ನಮ್ಮಿಬ್ಬರನ್ನೂ ಸಾಲಿಗೆ ಕರೆದುಕೊಂಡು ಹೋದ. ಫಾರ್ಮು ತುಂಬಿಸಿಕೊಳ್ಳುತ್ತಿದ್ದ ಸಾಲಿಯ ಗುಮಾಸ್ತರು ರತ್ನಾಳ ಹೆಸರು, ಊರು, ತಂದೆಯ ಹೆಸರು ಬರೆದುಕೊಂಡು, "ತಂದೀ ಉದ್ಯೋಗ ಏನ್ರಿ? ಕೂಲಿ ಅಂತ ಬರೀಲೇನು?" ಎಂದರು. ನನ್ನ ಫಾರ್ಮಿನಲ್ಲಿ, ತನ್ನ ಕಾಗದಪತ್ರಗಳಲ್ಲಿ, ಎಲ್ಲಿಯೂ ಅಪ್ಪ ತನ್ನ ಮನೆಯವರ ಕೆಲಸವನ್ನು ಬಾಯಿಬಿಟ್ಟು ಹೇಳಿದವನಲ್ಲ. ರತ್ನಾ ತನ್ನ ಹೆಬ್ಬೆರಳು ನೋಡುತ್ತ ನಿಂತಿದ್ದಳು. ಅಪ್ಪ ಮೇಜಿನ ಹತ್ತಿರ ಸರಿದ.

"ಇಲ್ರಿ. ಹಲಗಿ ಬಾರಿಸ್ತಾರ ಅಂತ ಬರೀರಿ."

"ಅದು ಉದ್ಯೋಗ ಅಂತ ಬರಂಗಿಲ್ಲಲ್ರಿ ಸಾಹೇಬ್ರ."

"ಬರತೈತ್ರಿ. ಬರೀರಿ" ಎಂದ ಅಪ್ಪ. ಗುಮಾಸ್ತರು ಬರೆಯುವವರೆಗೂ ಮೇಜಿನ ಮುಂದಿನಿಂದ ಅಲುಗಾಡಲಿಲ್ಲ.